ಅಪ್‌ಡೇಟ್: ಅಲೆಗೂದಲು ಈಗ ಕೆದರುತ್ತಿಲ್ಲ

ಸ್ನಾನದ ನಂತರ ಚೆಂದವಾಗಿ ಕಾಣುವ ಅಲೆಗಳು ಒಣಗುವಷ್ಟರಲ್ಲಿ ಹಿಂಜಿದ ಹತ್ತಿಯಂತಾಗುತ್ತವೆ, ಏನು ಮಾಡಲಿ ಎಂದು ಆರು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಹೆಚ್ಚು ವ್ಯತ್ಯಾಸ ತಂದದ್ದು ಬಾಚಣಿಗೆಯ ಸಲಹೆ. ಒಣಗಿದ ಮೇಲೆ ಬಾಚಿ, ಒಟ್ಟಾಗಿ ಅಲೆಯಾಗಿದ್ದ ಎಳೆಗಳನ್ನು ನಾನೇ ಬಿಡಿಬಿಡಿ ಮಾಡುತ್ತಿದ್ದೆ. ಈಗ ಕಂಡೀಷನರ್ ಹಚ್ಚಿದಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸುತ್ತೇನೆ. ಆಮೇಲೆ ಬಾಚುವುದೇ ಇಲ್ಲ. ತೊಳೆದ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಜೆಲ್ ಹಚ್ಚಿ, ತುದಿಯಿಂದ ಮೇಲಕ್ಕೆ ಮುಷ್ಟಿಯಲ್ಲಿ ಹಿಚುಕುತ್ತೇನೆ. ಟವೆಲ್‌ನಿಂದ ಉಜ್ಜುವ ಬದಲು ಹಳೆಯ ಹತ್ತಿಯ ಟೀ ಶರ್ಟ್‌ನಿಂದ ಒತ್ತಿ ನೀರು ತೆಗೆಯುತ್ತೇನೆ. ಪೂರ್ತಿ ಒಣಗುವವರೆಗೆ ಕೈ ಹಾಕದೆ ಇರುವುದೇ ಕಷ್ಟ! ಒಣಗಿದಾಗ ಕೂದಲು ಗರಿಗರಿಯಾಗಿರುತ್ತದೆ. ಮೊದಲ ಸಲ ಗಾಬರಿಯಾಗಿ ತೊಳೆದುಬಿಟ್ಟೆ. ಮೆಲ್ಲಗೆ ಹಿಚುಕಿದರೆ ಜೆಲ್‌ನ ಆ ಪದರ ಒಡೆದು ಮೃದುವಾದ ಅಲೆ ಉಳಿಯುತ್ತದೆ.

ಕೆಲವರು ಹೇಳಿದ ದಪ್ಪ ಕ್ರೀಮ್ ಮಾತ್ರ ಹೊಂದಲಿಲ್ಲ. ಅದರ ಭಾರಕ್ಕೆ ಅಲೆಗಳು ಜೋತುಬಿದ್ದವು. ಗುಂಗುರು ಕೂದಲಿಗೆ ಅದು ಒಪ್ಪಬಹುದು, ನನ್ನದು ತೆಳ್ಳನೆಯ ಎಳೆ.

ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಈಗಲೂ ನೆತ್ತಿಯ ಮೇಲೆ ಸ್ವಲ್ಪ ಕೆದರುತ್ತದೆ. ಆ ತೇವವನ್ನು ಹೀರಿದ ಕೂದಲಿನೊಳಗೆ ಅದರ ಆಕಾರವನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳು ಬಿಚ್ಚಿಕೊಂಡು ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ, ಆಕಾರ ಬದಲಾಗುತ್ತದೆ. ಅಂಥ ದಿನ ಜೆಲ್ ತುಸು ಹೆಚ್ಚು ಹಾಕಿ, ಡಿಫ್ಯೂಸರ್ (ಗಾಳಿಯನ್ನು ಹರಡಿ ಬಿಡುವ ತೂತುಗಳ ಬಟ್ಟಲು) ಸಿಕ್ಕಿಸಿದ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಒಣಗಿಸುತ್ತೇನೆ. ಸ್ಯಾಟಿನ್ ದಿಂಬಿನ ಹೊದಿಕೆಯನ್ನು ಇನ್ನೂ ಪ್ರಯತ್ನಿಸಿಲ್ಲ. ಮುಂದಿನ ಸರದಿ ಅದರದೇ.