ಸಹಾಯ ಬೇಕು: ಕಂಪ್ಯೂಟರ್ ಆನ್ ಮಾಡಿದಾಗ ಎರಡೆರಡು ವಿಂಡೋಸ್

ಎಲ್ಲರಿಗೂ ನಮಸ್ಕಾರ. ಅಪ್ಪನ ಅಂಗಡಿಯ ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್) ಹಾಕಿ ವಿಂಡೋಸ್ 10 ಅನುಸ್ಥಾಪಿಸಿದೆ. ಆಗ ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ ತೆಗೆದಿರಲಿಲ್ಲ, ತೆಗೆಯಬೇಕಿತ್ತು. ಈಗ ಪ್ರತಿ ಸಲವೂ ನೀಲಿ ಪರದೆಯಲ್ಲಿ ‘ವಿಂಡೋಸ್ 10’ ಎಂಬ ಎರಡು ಸಾಲು ಬಂದು 30 ಸೆಕೆಂಡು ಕಾಯುತ್ತದೆ. ಹೆಸರು ಎರಡಕ್ಕೂ ಒಂದೇ. ಮೊನ್ನೆ ಅಪ್ಪ ಕೆಳಗಿನ ಸಾಲು ಒತ್ತಿ, ಇಡೀ ದಿನದ ವ್ಯಾಪಾರವನ್ನು ಹಳೆಯ ವಿಂಡೋಸಿನ ಲೆಕ್ಕದ ಕಡತದಲ್ಲಿ ಬರೆದಿಟ್ಟರು. ರಾತ್ರಿ ಕುಳಿತು ಎಲ್ಲವನ್ನೂ ಮತ್ತೆ ತುಂಬಿಸಿದೆವು.

ವಿಂಡೋಸಿನ ಸೆಟ್ಟಿಂಗ್ ಸಾಧನವಾದ ಎಂಎಸ್‌ಕಾನ್ಫಿಗ್‌ನ ‘ಬೂಟ್’ ಪುಟದಲ್ಲಿ ಹಳೆಯ ಸಾಲನ್ನು ಅಳಿಸಬಹುದು, ಅದರಿಂದ ಕಡತಗಳೇನೂ ಹೋಗುವುದಿಲ್ಲ ಎಂದು ಗೊತ್ತು. ಆದರೆ ನನಗೆ ಹಳೆಯ ಡಿಸ್ಕನ್ನೇ ತೆಗೆಯಬೇಕಿದೆ. ಅದು ಕಟಕಟ ಸದ್ದು ಮಾಡುತ್ತಿದೆ. ಅದರ ಕೇಬಲ್ ಬಿಡಿಸಿದರೆ ವಿಂಡೋಸ್ ಶುರುವಾಗುವುದೇ ಇಲ್ಲ. ಡಿಸ್ಕಿನ ಭಾಗಗಳನ್ನು ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿದರೆ 100 ಎಂಬಿಯ ಇಎಫ್‌ಐ ಪಾರ್ಟಿಷನ್ (ವಿಂಡೋಸ್ ಶುರುಮಾಡುವ ಕಡತಗಳಿರುವ ಭಾಗ) ಹಳೆಯ ಡಿಸ್ಕಿನಲ್ಲೇ ಕುಳಿತಿದೆ.

ಎಸ್‌ಎಸ್‌ಡಿಯ ಸಿ ಡ್ರೈವನ್ನು ಸ್ವಲ್ಪ ಕುಗ್ಗಿಸಿ, ಅಲ್ಲಿ ಹೊಸ ಇಎಫ್‌ಐ ಪಾರ್ಟಿಷನ್ ಮಾಡಿ, ಶುರುಮಾಡುವ ಕಡತಗಳನ್ನು ಅದರಲ್ಲಿ ಹಾಕುವ ಬಿಸಿಡಿಬೂಟ್ ಆದೇಶ ಕೊಟ್ಟರೆ ಸಾಕೇ? ಸ್ವತಃ ಮಾಡಿದವರು ದಯವಿಟ್ಟು ಕ್ರಮವಾಗಿ ತಿಳಿಸಿ. ಲೆಕ್ಕದ ಕಡತಗಳನ್ನು ಪೆನ್‌ಡ್ರೈವಿಗೆ ನಕಲಿಸಿಟ್ಟಿದ್ದೇನೆ. ಭಾನುವಾರ ಅಂಗಡಿಗೆ ರಜೆ, ಅಂದೇ ಮಾಡಬೇಕೆಂದಿದ್ದೇನೆ.