ಅಳಿವೆಯ ಕೆಸರು ಬಯಲಿಗೆ ರಕ್ಷಣೆ ಯಾಕೆ? ಮಕ್ಕಳಿಗೆ ಹೇಗೆ ಹೇಳಲಿ?

ಶ್ರೀಮಂಗಲದ ಮೇಷ್ಟ್ರು:
ಡಿಸೆಂಬರ್‌ನಲ್ಲಿ ಶಾಲೆ ಮಕ್ಕಳನ್ನು ಕುಮಟಾ ಕಡೆ ಕರೆದುಕೊಂಡು ಹೋಗ್ತಿದ್ದೇವೆ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತಲ್ಲ, ಅದನ್ನು ತೋರಿಸೋಣ ಅಂತ. ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್, ಅವರಿಗೆ ಅರ್ಥ ಆಗುತ್ತೆ. ಆದರೆ ನೀರು ಇಳಿದಾಗ ಕಾಣುವ ಬರೀ ಕೆಸರಲ್ಲಿ ಏನಿದೆ ಅಂತ ಕೇಳಿದರೆ? ಬ್ರಹ್ಮಗಿರಿ ಅಭಯಾರಣ್ಯದ ಪಕ್ಕದಲ್ಲಿ ಬೆಳೆದ ಮಕ್ಕಳಿವು, ಕಾಪಾಡಬೇಕಾದ್ದು ಅಂದರೆ ಮರ, ಆನೆ ಅಷ್ಟೇ. ಇನ್ನೊಂದು, ಆ ಬಯಲಲ್ಲಿ ಮಕ್ಕಳ ಕೈಯಲ್ಲಿ ಕಾಂಡ್ಲಾ ಸಸಿ ನೆಡಿಸಿದರೆ ಒಳ್ಳೇದಲ್ವಾ?

ಗೋಣಿಕೊಪ್ಪಕ್ಕೆ ಬಂದ ಕುಮಟಾದವಳು:
ಮೇಷ್ಟ್ರೇ, ನನ್ನ ತವರು ಆ ಅಳಿವೆ ದಂಡೆಯಲ್ಲೇ. ಇಳಿತದ ಹೊತ್ತಿಗೆ ಹೋಗಿ, ಸುಮ್ನೆ ಒಂದು ಕಡೆ ಕುಕ್ಕರುಗಾಲಲ್ಲಿ ಕೂರಿಸಿ. ಮೊದಲು ಬರೀ ತೂತುಗಳು ಕಾಣುತ್ತವೆ. ಯಾರೂ ಅಲುಗಾಡದಿದ್ದರೆ ಒಂದೊಂದೇ ಏಡಿ ಹೊರಗೆ ಬಂದು, ಕೆಸರನ್ನು ಚಿಟಿಕೆ ಚಿಟಿಕೆಯಾಗಿ ಬಾಯಿಗೆ ಹಾಕಿ, ತಿನ್ನುವುದನ್ನು ತಿಂದು ಉಳಿದದ್ದನ್ನು ಉಂಡೆ ಮಾಡಿ ಬಿಡುತ್ತೆ. ಅಲ್ಲೇ ಪಕ್ಕದಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಬಳಚು (ತಿನ್ನುವ ಚಿಪ್ಪಿನ ಜೀವಿ) ಹೆಕ್ಕುತ್ತಿರುತ್ತಾರೆ. ಎಷ್ಟೋ ಮನೆಯ ಅನ್ನ ಅದು. ಆ ಜಾಗ ಉಳಿಯಬೇಕು, ಅವರೂ ಉಳಿಯಬೇಕು.

ಮಡಿಕೇರಿಯ ಹಕ್ಕಿ ನೋಡುವವ:
ಸಸಿ ದಯವಿಟ್ಟು ಬೇಡ ಸರ್. ಗೊರವದ ಜಾತಿಯ ಹಕ್ಕಿಗಳು ಚಳಿಗಾಲಕ್ಕೆ ಸಾವಿರಾರು ಕಿಲೋಮೀಟರ್ ಹಾರಿ ಬರುವುದೇ ಮರ ಇಲ್ಲದ ಬಯಲಿಗೆ. ಉದ್ದ ಕೊಕ್ಕನ್ನು ಕೆಸರಿಗೆ ಇಳಿಸಿ ಹುಳ ಎಳೆಯಬೇಕು, ಗಿಡುಗ ಬಂದರೆ ದೂರದಿಂದಲೇ ಕಾಣಬೇಕು. ಅಲ್ಲಿ ಕಾಡು ಬೆಳೆದರೆ ಅವಕ್ಕೆ ಊಟವೇ ಇಲ್ಲ. ಕೇರಳದ ಕಡಲುಂಡಿಯಲ್ಲಿ ಇದೇ ತೊಂದರೆ, 2007ರಿಂದ ಅದು ಸಮುದಾಯ ಮೀಸಲು ಪ್ರದೇಶ, ಆದರೂ ಮರಳು ತುಂಬಿ, ಕಾಂಡ್ಲಾ ಹರಡಿ ಕೆಸರು ಬಯಲು ಕುಗ್ಗುತ್ತಿದೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಜೀವ ತುಂಬಿದ ಕೆಸರು ಬಯಲನ್ನು ಕಾಂಡ್ಲಾ ಕಾಡಿನ ಜೊತೆಗೇ, ಅತಿ ಬಿಗಿ ರಕ್ಷಣೆಯ ಪಟ್ಟಿಯಲ್ಲಿ ಇಟ್ಟಿದ್ದಾರೆ. ಎರಡೂ ಬೇಕು, ಒಂದನ್ನು ಕೊಂದು ಇನ್ನೊಂದಲ್ಲ. ಸಸಿ ನೆಟ್ಟು ಫೋಟೋ ತೆಗೆದುಕೊಳ್ಳುವುದು ಸುಲಭ, ಖಾಲಿ ಜಾಗವನ್ನು ಖಾಲಿ ಬಿಡಿ ಅಂತ ಒಪ್ಪಿಸುವುದೇ ಕಷ್ಟ.

ಸಂಪಾಜೆಯಿಂದ:
ನಮಗೂ ಅದಕ್ಕೂ ಸಂಬಂಧ ಇದೆ ಅಂತ ಮಕ್ಕಳಿಗೆ ಹೇಳಿ. ಆ ಕೆಸರು ಬಹುಪಾಲು ಹೊಳೆ ಹೊತ್ತು ತಂದದ್ದು. ನಮ್ಮ ಪಯಸ್ವಿನಿ ಕಾಸರಗೋಡಲ್ಲಿ ಚಂದ್ರಗಿರಿ ಹೊಳೆ ಆಗಿ ಕಡಲು ಸೇರುತ್ತೆ, ನಿಮ್ಮ ಬರಪೊಳೆ ಕಣ್ಣೂರಿನ ವಳಪಟ್ಟಣಂ ಹೊಳೆಗೆ ಕೂಡುತ್ತೆ. ಹೊಳೆಗೆ ಅಣೆಕಟ್ಟು ಕಟ್ಟಿದರೆ ಮಣ್ಣು ಅಲ್ಲೇ ನಿಲ್ಲುತ್ತೆ, ಗುಡ್ಡ ಕಡಿದರೆ ಒಂದೇ ಸಲ ಜಾಸ್ತಿ ಹೋಗಿ ಏಡಿ, ಬಳಚು ಎಲ್ಲ ಹೂತುಹೋಗುತ್ತವೆ. 2018ರಲ್ಲಿ ಜೋಡುಪಾಲದ ಗುಡ್ಡ ಜಾರಿದಾಗ ಹೊಳೆ ಯಾವ ಬಣ್ಣಕ್ಕೆ ತಿರುಗಿತ್ತು ಅಂತ ಇಲ್ಲಿನವರಿಗೆ ಮರೆತಿಲ್ಲ. ಕಾವೇರಿ ಕಡಲು ಸೇರುವ ಕಡೆಯೂ ಹೀಗೇ: ಅದರ ಮುಖಜ ಭೂಮಿಯ ದಕ್ಷಿಣ ತುದಿಯಲ್ಲಿರುವ ತಮಿಳುನಾಡಿನ ಕೋಡಿಕ್ಕರೈ 1967ರಿಂದ ಅಭಯಾರಣ್ಯ, ಮೇಲಿಂದ ಸಿಹಿನೀರು ಕಮ್ಮಿ ಆದಷ್ಟೂ ಅಲ್ಲಿ ಉಪ್ಪು ಏರುತ್ತೆ.

ಶ್ರೀಮಂಗಲದ ಮೇಷ್ಟ್ರು:
ಸಸಿ ಕೈಬಿಟ್ಟೆವು. ಅಕ್ಕ, ಯಾವ ದಿನ ಬಂದರೆ ಬಯಲು ಚೆನ್ನಾಗಿ ಕಾಣುತ್ತೆ?

ಗೋಣಿಕೊಪ್ಪಕ್ಕೆ ಬಂದ ಕುಮಟಾದವಳು:
ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಇಳಿಯುತ್ತೆ. ಊರಿನವರನ್ನು ಜೊತೆಗೆ ಕರೆದುಕೊಳ್ಳಿ, ಕಾಲು ಹೂಳುವ ಜಾಗ ಅವರಿಗೇ ಗೊತ್ತು. ಭರತ ಏರೋಕೆ ಮುಂಚೆ ಮಕ್ಕಳು ದಡದಲ್ಲಿರಬೇಕು.