ಹನ್ನೊಂದು ಅಡಿ ಚಾವಡಿಗೆ 55 ಇಂಚೋ, 65 ಇಂಚೋ?

ಕಟಪಾಡಿಯವ:

ನಮ್ಮದು ಕಟಪಾಡಿಯಲ್ಲಿ ಹಳೆಯ ಹಂಚಿನ ಮನೆ. ಮುರಕಲ್ಲಿನ ಗೋಡೆ, ಕೆಂಪು ಗಾರೆಯ ನೆಲ. ಚಾವಡಿಯಲ್ಲಿ ಈಗಿರುವುದು 32 ಇಂಚಿನ ಟಿವಿ, ತಂದು ಹದಿಮೂರು ವರ್ಷವಾಯಿತು. ಒಂದು ತಿಂಗಳಿನಿಂದ ಪರದೆಯ ಬಲಮೂಲೆಯಲ್ಲಿ ಕಪ್ಪು ನೆರಳೊಂದು ಬಂದು ಕೂತಿದೆ. ಯಕ್ಷಗಾನದ ಚೆಂಡೆಯವನಿಗೆ ಗ್ರಹಣ ಹಿಡಿದಿದೆ ಎಂದು ಅಪ್ಪ ದಿನಕ್ಕೆ ಮೂರು ಸಲ ಹೇಳುತ್ತಾರೆ.

ಟಿವಿ ಮುಖ್ಯವಾಗಿ ಬೇಕಾಗಿರುವುದು ಅವರಿಗೇ. ವಯಸ್ಸು 78. ಕಳೆದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹಾಗಾಗಿ ದೂರುಗಳೂ ಹೆಚ್ಚಾಗಿವೆ. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಹತ್ತಿರ ಬಂತು. ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಅವರಿಗೆ ಯೂಟ್ಯೂಬಿನ ಯಕ್ಷಗಾನದ ಆಟಗಳೇ ಗತಿ. ಅಷ್ಟರೊಳಗೆ ಹೊಸ ಟಿವಿ ಬರಬೇಕು. ಅಮ್ಮ ಬದಿಯ ಬೆಂಚಿನಲ್ಲಿ ಕೂತು ಬಸಳೆ ಬಿಡಿಸುತ್ತಾ ವಾರ್ತಾ ಚಾನೆಲ್ ನೋಡುತ್ತಾರೆ. ನನಗೆ ಭಾನುವಾರದ ಕ್ರಿಕೆಟ್ ಸಿಕ್ಕಿದರೆ ಪುಣ್ಯ.

ಅಪ್ಪನ ಈಸಿ ಚೇರಿನಿಂದ ಗೋಡೆಗೆ ಟೇಪು ಹಿಡಿದು ಅಳೆದೆ, ಸರಿಯಾಗಿ 11 ಅಡಿ. ಕುರ್ಚಿಯನ್ನು ಮುಂದೆ ಎಳೆಯಬಾರದೇ ಎಂದು ದಯವಿಟ್ಟು ಕೇಳಬೇಡಿ. ಆ ಕುರ್ಚಿ ಕಂಬದ ಬುಡಕ್ಕೆ ಬಂದದ್ದು ನಾನು ಹುಟ್ಟುವ ಮೊದಲು.

ಉಡುಪಿಯ ಮೂರು ಅಂಗಡಿ ಸುತ್ತಿ ಬಂದೆ. ಎಲ್ಲ ಕಡೆಯೂ ಒಂದೇ ದೃಶ್ಯ: ಗಿಳಿ ರೆಕ್ಕೆ ಬಿಚ್ಚುತ್ತದೆ, ಕಲ್ಲಂಗಡಿ ಹೋಳಾಗುತ್ತದೆ, ಜೇನು ಸುರಿಯುತ್ತದೆ. ಹತ್ತು ಟಿವಿಯಲ್ಲೂ ಅದೇ ಗಿಳಿ, ಹತ್ತೂ ಚಂದ. ನಮ್ಮ ಮನೆಯಲ್ಲಿ ಗಿಳಿ ನೋಡುವವರು ಯಾರೂ ಇಲ್ಲ. ಒಬ್ಬ ಹುಡುಗ ಕ್ಯೂಎಲ್ಇಡಿ ಎಂದ, ಇನ್ನೊಬ್ಬ ಅದು ಬರೀ ಹೆಸರು ಎಂದ. ಕೈಯಲ್ಲಿರುವುದು 70 ಸಾವಿರ. 55 ಇಂಚು ಸಾಕೇ, 65 ಹೆಚ್ಚಾಗುತ್ತದೆಯೇ? ಗೋಡೆಗೆ ಹಾಕಬಹುದೇ? ಸಿಡಿಲಿಗೆ ಏನು ಮಾಡುವುದು? ಎರಡು ವರ್ಷದ ಹಿಂದೆ ನೆರೆಮನೆಯವರ ಟಿವಿ ಒಂದೇ ಹೊಡೆತಕ್ಕೆ ಹೋಯಿತು.

ಮಣಿಪಾಲದ ಹುಡುಗ:

ಯಕ್ಷಗಾನ ನೋಡುವುದಾದರೆ ಓಎಲ್ಇಡಿ ತೆಗೆದುಕೊಳ್ಳಿ ಸರ್, ಬೇರೆ ಯೋಚನೆಯೇ ಬೇಡ. ಅದರಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಪೂರ್ತಿ ಆರಿಯೇ ಹೋಗುತ್ತದೆ. ರಾತ್ರಿಯ ಆಟದ ಕತ್ತಲು ಕತ್ತಲಾಗಿಯೇ ಕಾಣಬೇಕಾದರೆ ಅದೊಂದೇ ದಾರಿ. ಕ್ಯೂಎಲ್ಇಡಿ ಎಂದರೆ ಹಿಂದಿನಿಂದ ಬೆಳಕು ಬಿಡುವ ಮಾಮೂಲಿ ಎಲ್‌ಸಿಡಿಯೇ, ಬಣ್ಣ ಗಾಢವಾಗಲಿ ಎಂದು ಒಂದು ಪದರ ಹೆಚ್ಚು ಅಷ್ಟೆ. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಯಾರಾದರೂ ಹಳೆಯ ದರಪಟ್ಟಿ ತೋರಿಸಿದರೆ ಕೇಳಿ.

ಬೆಸುಗೆಕಡ್ಡಿ:

ಮಂಗಳೂರಿನಲ್ಲಿ ಮೂವತ್ತೊಂದು ವರ್ಷದಿಂದ ಟಿವಿ ಬಿಚ್ಚುತ್ತಿದ್ದೇನೆ. ಮಣಿಪಾಲದ ತಮ್ಮ ಹೇಳಿದ್ದು ತಪ್ಪಲ್ಲ, ಆದರೆ ಬೇರೆಯವರ ಜೇಬಿನ ಲೆಕ್ಕ. 70 ಸಾವಿರಕ್ಕೆ 65 ಇಂಚಿನ ಓಎಲ್ಇಡಿ ಕನಸಿನಲ್ಲಿ ಬರಬಹುದು. ಅದೂ ಅಲ್ಲದೆ ನಿಮ್ಮ ಅಮ್ಮ ವಾರ್ತೆ ನೋಡುವವರು. ಚಾನೆಲ್‌ನ ಗುರುತು, ಕೆಳಗಿನ ಕೆಂಪು ಪಟ್ಟಿ ದಿನಕ್ಕೆ ಐದಾರು ಗಂಟೆ ಒಂದೇ ಜಾಗದಲ್ಲಿ ನಿಂತರೆ, ವರ್ಷಗಳು ಕಳೆದಾಗ ಓಎಲ್ಇಡಿಯಲ್ಲಿ ಅದರ ಅಚ್ಚು ಉಳಿಯುವ ಭಯ ಇದ್ದೇ ಇದೆ.

ಈಗ ಅಳತೆ. 11 ಅಡಿ ಎಂದರೆ 132 ಇಂಚು. ಕೂರುವ ದೂರವನ್ನು 1.6ರಿಂದ ಭಾಗಿಸಿದರೆ ಪರದೆಯ ಅಳತೆಗೆ ಒಂದು ಅಂದಾಜು ಸಿಗುತ್ತದೆ. ನಿಮಗೆ 82 ಬರುತ್ತದೆ. ಗಾಬರಿಯಾಗಬೇಡಿ, 82 ತನ್ನಿ ಎನ್ನುತ್ತಿಲ್ಲ. 65 ಹೆಚ್ಚಾಯಿತು ಎಂಬ ಹೆದರಿಕೆ ಬೇಡ ಎನ್ನುತ್ತಿದ್ದೇನೆ. 55ರ ಅಗಲ 4 ಅಡಿ, 65ರದ್ದು 4 ಅಡಿ 9 ಇಂಚು. ಕೇಳುವುದಕ್ಕೆ ಒಂಬತ್ತೇ ಇಂಚು, ಪರದೆಯ ವಿಸ್ತೀರ್ಣ ಮಾತ್ರ ಶೇ 40ರಷ್ಟು ಹೆಚ್ಚು.

ಅಂಗಡಿಯವರು 4ಕೆ, 4ಕೆ ಎಂದು ಜಪ ಮಾಡುತ್ತಾರೆ, ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿ ಎಂದರ್ಥ. ನೇರ ಹೇಳುತ್ತೇನೆ: 65 ಇಂಚಿನಲ್ಲಿ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಗೊತ್ತಾಗಬೇಕಾದರೆ ಒಳ್ಳೆಯ ಕಣ್ಣಿನವನೂ ಸುಮಾರು ಎಂಟೂವರೆ ಅಡಿಯೊಳಗೆ ಬರಬೇಕು. ನಿಮ್ಮ ಅಪ್ಪ ಕೂರುವುದು 11ರಲ್ಲಿ. ಹಾಗೆಂದು 4ಕೆ ಬೇಡ ಎಂದು ಹಟ ಹಿಡಿದರೆ ಈ ಅಳತೆಯಲ್ಲಿ ಬೇರೆ ಹುಡುಕಿಕೊಂಡು ಅಲೆಯಬೇಕಾದೀತು, ಇರಲಿ. ಯಾರಾದರೂ 8ಕೆ ಎಂದು ಬಾಯಿ ತೆರೆದರೆ ಮಾತ್ರ ಅವರು ಕೊಟ್ಟ ಚಾ ಕುಡಿದು ಹೊರಗೆ ಬನ್ನಿ.

ಹಳೆಯ ಎಸ್‌ಡಿ ಚಾನೆಲ್ ದೊಡ್ಡ ಟಿವಿಯಲ್ಲಿ ಮಸುಕಾಗಿ ಕಂಡರೆ ಟಿವಿಯನ್ನು ಬೈಯಬೇಡಿ. ಅದರಲ್ಲಿ ಬರುವುದೇ 720×576, ಅಂದರೆ ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. 4ಕೆ ಪರದೆಯಲ್ಲಿರುವುದು 83 ಲಕ್ಷ. ಒಂದು ಲೋಟ ಹಿಟ್ಟಿನಲ್ಲಿ ಇಪ್ಪತ್ತು ನೀರುದೋಸೆ ಹೊಯ್ಯಲು ಹೊರಟ ಹಾಗೆ. ವಾರ್ತೆಗೆ ಎಚ್‌ಡಿ ಚಾನೆಲ್ ಇದ್ದರೆ ಅದನ್ನೇ ಹಾಕಿಸಿಕೊಳ್ಳಿ.

ನೀವು ನೋಡಬೇಕಾದದ್ದು ಕಪ್ಪು ಮತ್ತು ಚಲನೆ, ಎರಡೇ. ಎಲ್‌ಸಿಡಿಯಲ್ಲಿ ಸಾಮಾನ್ಯವಾಗಿ ಎರಡು ಜಾತಿಯ ಪ್ಯಾನೆಲ್. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿರುತ್ತದೆ, ಬದಿಯಿಂದ ನೋಡಿದರೆ ಬಣ್ಣ ಬಿಳುಚುತ್ತದೆ. ಐಪಿಎಸ್‌ನಲ್ಲಿ ಬದಿಯಿಂದಲೂ ಬಣ್ಣ ನಿಲ್ಲುತ್ತದೆ, ಕಪ್ಪು ಬೂದಿಯಾಗುತ್ತದೆ. ಅಂಗಡಿಯ ಬೆಳಕಿನಲ್ಲಿ ಇದು ತಿಳಿಯುವುದಿಲ್ಲ. ಪರದೆಯ ಕಪ್ಪು ಜಾಗದ ಮೇಲೆ ಎರಡೂ ಅಂಗೈಗಳನ್ನು ಬೋಗುಣಿಯ ಹಾಗೆ ಕವುಚಿ, ಮೇಲಿನ ಸಂದಿನಿಂದ ಇಣುಕಿ. ಹುಚ್ಚ ಎಂದುಕೊಂಡಾರು. ಅಂದುಕೊಳ್ಳಲಿ.

ಚಲನೆಗೆ ಒಂದು ಪೆನ್ ಡ್ರೈವ್ ಸಾಕು. ನಿಮ್ಮದೇ ಮೊಬೈಲಿನಲ್ಲಿ ತೆಗೆದ ಆಟದ ತುಣುಕೊಂದನ್ನು ಹಾಕಿಕೊಂಡು ಹೋಗಿ, ದಿಗಿಣ, ಅಂದರೆ ವೇಷ ಹಾರಿ ಸುತ್ತುವ ಕುಣಿತ, ಇರುವಂಥದ್ದು. ಮೊದಲು ಚಿತ್ರದ ಸೆಟ್ಟಿಂಗನ್ನು ‘ವಿವಿಡ್’ನಿಂದ ತೆಗೆದು ‘ಸಿನೆಮಾ’ಕ್ಕೆ ಹಾಕಿಸಿ. ಆಮೇಲೆ ಚಲನೆಯನ್ನು ನಯ ಮಾಡುವ ಆಯ್ಕೆಯನ್ನು ಒಮ್ಮೆ ಹಾಕಿ, ಒಮ್ಮೆ ಆರಿಸಿ ನೋಡಿ. ಅದು ಇಲ್ಲದ ಚಿತ್ರಗಳನ್ನು ಮಧ್ಯೆ ತಾನೇ ಕಲ್ಪಿಸಿ ತುರುಕುತ್ತದೆ. ಕ್ರಿಕೆಟ್‌ಗೆ ಪರವಾಗಿಲ್ಲ, ವೇಷ ಸುತ್ತುವಾಗ ಕಿರೀಟದ ಅಂಚು ಹರಿದ ಹಾಗೆ ಕಂಡರೆ ಆರಿಸಿಡಿ.

ಮುರಕಲ್ಲಿನ ಗೋಡೆಯ ವಿಷಯ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ, ಇದರಲ್ಲಿ ಕೈ ಸುಟ್ಟುಕೊಂಡವನು ನಾನು. ಕಂಪನಿಯಿಂದ ಬರುವ ಹುಡುಗರ ಬಳಿ ಇರುವುದು ಕಾಂಕ್ರೀಟಿಗೆ, ಇಟ್ಟಿಗೆಗೆ ಸರಿಹೋಗುವ ಸಣ್ಣ ಪ್ಲಾಸ್ಟಿಕ್ ಪ್ಲಗ್ಗು. ಮುರಕಲ್ಲಿನ ಒಳಗೆ ತೂತುಗಳು, ಪುಡಿಮಣ್ಣು. ಡ್ರಿಲ್ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಖುಷಿಪಡಬೇಡಿ, ಪ್ಲಗ್ಗು ಹಿಡಿಯುವುದಿಲ್ಲ ಎಂದೇ ಅರ್ಥ. 65 ಇಂಚಿನದ್ದು ಇಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ. ಒಮ್ಮೆ ನಾನೇ ಹಾಕಿದ ಬ್ರಾಕೆಟ್ಟು ಆರು ತಿಂಗಳಿಗೆ ಅರ್ಧ ಇಂಚು ಮುಂದೆ ಬಾಗಿತ್ತು. ಮನೆಯವರು ನೋಡಿದ್ದರಿಂದ ಉಳಿಯಿತು. ಈಗ ನನ್ನ ಕ್ರಮ ಬೇರೆ: ಗೋಡೆಗೆ ಮೊದಲು ಒಂದು ಅಗಲದ ಹಲಗೆ, ಅದಕ್ಕೆ ಏಳೆಂಟು ಕಡೆ ಉದ್ದದ ಆಂಕರ್, ಬ್ರಾಕೆಟ್ಟು ಹಲಗೆಯ ಮೇಲೆ. ಭಾರ ಹಂಚಿಹೋಗುತ್ತದೆ. ಮಳೆಗಾಲದಲ್ಲಿ ಬೆವರುವ ಗೋಡೆಗೂ ಟಿವಿಯ ಬೆನ್ನಿಗೂ ಗಾಳಿಯಾಡುವಷ್ಟು ಜಾಗ ಸಿಗುತ್ತದೆ. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಬರಲಿ. ದೇವರ ಪಟದಷ್ಟು ಮೇಲೆ ತೂಗಿಸಿ ಕುತ್ತಿಗೆ ನೋವು ಎನ್ನುವವರು ಬೇಕಾದಷ್ಟು ಜನ ಇದ್ದಾರೆ.

ಸಿಡಿಲು. ಮಳೆಗಾಲದ ಮೊದಲಿನ ಸಂಜೆಗಳು ಮತ್ತು ಅಕ್ಟೋಬರ್ ಕಡೆಯ ಗುಡುಗು, ಈ ಎರಡು ಹೊತ್ತಿನಲ್ಲಿ ನನ್ನ ಅಂಗಡಿ ತುಂಬುತ್ತದೆ. ಬಂದವರೆಲ್ಲ ಹೇಳುವುದು ಒಂದೇ: ‘ಪ್ಲಗ್ಗು ತೆಗೆದಿದ್ದೆವು ಮಾರಾಯರೇ!’ ತೆಗೆದಿರುತ್ತಾರೆ, ಸುಳ್ಳಲ್ಲ. ಡಿಶ್‌ನ ತಂತಿ ಹಾಗೆಯೇ ಇರುತ್ತದೆ. ಮಾಡಿನ ಮೇಲಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ತಂತಿಯಲ್ಲಿ ನೇರ ಟಿವಿಯ ಬೋರ್ಡಿಗೆ. ಬಿಚ್ಚಿ ನೋಡಿದರೆ ಕರೆಂಟಿನ ಭಾಗ ಸರಿಯಾಗಿಯೇ ಇರುತ್ತದೆ, ಎಚ್‌ಡಿಎಂಐ ಬಾಯಿಯ ಹಿಂದಿನ ಚಿಪ್ಪಿನ ಮೇಲೆ ಸಾಸಿವೆ ಕಾಳಿನಷ್ಟು ಗಾತ್ರದ ಕಪ್ಪು ಗುಳಿ. ಇಂಟರ್ನೆಟ್ಟಿನ ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ರೂಟರಿಗೂ ಟಿವಿಗೂ ನಡುವೆ ತಂತಿ ಇದ್ದರೆ ಅದನ್ನೂ ಕಳಚಬೇಕು. ಸ್ಟೆಬಿಲೈಸರ್ ಬಹುತೇಕ ಹೊಸ ಟಿವಿಗಳಿಗೆ ಬೇಡ. ಆ ದುಡ್ಡನ್ನು ಅರ್ತಿಂಗ್ ಸರಿಮಾಡಿಸಲು ಹಾಕಿ.

ಕುಳಾಯಿಯ ಅಕ್ಕ:

ನಾವು ಕಳೆದ ದೀಪಾವಳಿಗೆ 65 ತಂದೆವು. ತರುವ ಮೊದಲು ಯಾರೂ ಹೇಳದ ಎರಡು ಮಾತು ಹೇಳುತ್ತೇನೆ.

ಒಂದು, ಡಬ್ಬ. ಟಿವಿ ಅಳೆದಿದ್ದೆ, ಗೋಡೆ ಅಳೆದಿದ್ದೆ, ಡಬ್ಬ ಅಳೆಯಲಿಲ್ಲ. ಅದು ನಮ್ಮ ಲಿಫ್ಟಿನೊಳಗೆ ಹೋಗಲಿಲ್ಲ. ಅಡ್ಡ ಮಲಗಿಸಬಾರದು, ನೆಟ್ಟಗೇ ಇರಬೇಕು ಎಂದು ಡಬ್ಬದ ಮೇಲೆಯೇ ಬರೆದಿದೆ. ಮೂರನೆಯ ಮಹಡಿಯವರೆಗೆ ಮೆಟ್ಟಿಲಿನಲ್ಲಿ ಹೊತ್ತು ತಂದರು, ತಿರುವಿನಲ್ಲಿ ಒಮ್ಮೆ ಗೋಡೆಗೆ ತಾಗಿತು. ಪರದೆ ಒಡೆದರೆ ವಾರಂಟಿ ಇಲ್ಲವಂತೆ. ಆ ಹತ್ತು ನಿಮಿಷ ನಾನು ಉಸಿರಾಡಿದ ನೆನಪಿಲ್ಲ. ಒಡೆದಿರಲಿಲ್ಲ, ತೆರೆದು ಹಚ್ಚಿ ನೋಡಿದ ಮೇಲೆಯೇ ಸಹಿ ಹಾಕಿದೆ. ಕಟಪಾಡಿಯವರದ್ದು ನೆಲದ ಮನೆ, ಅದೃಷ್ಟವಂತರು.

ಎರಡು, ಪಡುವಣ ಕಿಟಕಿ. ಸಂಜೆ ನಾಲ್ಕಾದರೆ ಸಾಕು, ಪರದೆಯಲ್ಲಿ ನಾನು, ನನ್ನ ಬಟ್ಟೆ ಒಣಗಿಸುವ ಹಗ್ಗ, ಹಗ್ಗದ ಮೇಲಿನ ಬೈರಾಸು ಎಲ್ಲ ಕಾಣುತ್ತೇವೆ, ಧಾರಾವಾಹಿ ಕಾಣುವುದಿಲ್ಲ. ದಪ್ಪ ಪರದೆ ಬಟ್ಟೆ ಹಾಕಿದ ಮೇಲೆ ಸರಿಯಾಯಿತು. ನಿಮ್ಮದು ಕೆಂಪು ಗಾರೆಯ ನೆಲ ಎಂದಿರಿ. ಒರೆಸಿ ಹೊಳೆಯುವ ನೆಲದ ಬೆಳಕೂ ಟಿವಿಗೆ ಬಡಿಯುತ್ತದೆ, ನೋಡಿಕೊಳ್ಳಿ.

ಮತ್ತೆ, ಧ್ವನಿ. ಇಷ್ಟು ದೊಡ್ಡ ಟಿವಿ, ಇಷ್ಟು ಸಣ್ಣ ದನಿ! ಸ್ಪೀಕರುಗಳು ಕೆಳಮುಖವಾಗಿರುತ್ತವೆ. ನಮ್ಮ ಮಾವನಿಗೆ ಚೆಂಡೆ ಕೇಳುತ್ತದೆ, ಪದ ಕೇಳುವುದಿಲ್ಲ.

ಕಟಪಾಡಿಯವ:

ಅಕ್ಕ, ಅಪ್ಪನ ಹಳೆಯ ಆಂಪ್ಲಿಫೈಯರ್ ಒಂದು ಅಟ್ಟದಲ್ಲಿದೆ, ಭಜನೆಗೆಂದು ತಂದದ್ದು. ಅದಕ್ಕೆ ಸೇರಿಸಲು ಆಗುತ್ತದೆಯೇ?

ಬೆಸುಗೆಕಡ್ಡಿ:

ಆಗುತ್ತದೆ. ಟಿವಿಯ ಆಪ್ಟಿಕಲ್ ಔಟ್‌ನಿಂದ ಕೆಂಪು-ಬಿಳಿ ಪಿನ್ನಿಗೆ ಪರಿವರ್ತಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿ ಸಿಗುತ್ತದೆ. ಟಿವಿಯ ಧ್ವನಿ ಸೆಟ್ಟಿಂಗನ್ನು ‘ಪಿಸಿಎಂ’ಗೆ ಹಾಕಿ, ಇಲ್ಲದಿದ್ದರೆ ಸದ್ದೇ ಬರದೆ ಡಬ್ಬಿ ಕೆಟ್ಟಿದೆ ಎಂದು ವಾಪಸು ಕೊಡುತ್ತೀರಿ. ಸೌಂಡ್‌ಬಾರ್ ಆಮೇಲೆ ನೋಡೋಣ.

ಕಟಪಾಡಿಯವ:

ನಿನ್ನೆ ಹೋಗಿ ಬಂದೆವು. ವರದಿ ಒಪ್ಪಿಸುತ್ತಿದ್ದೇನೆ.

ಅಪ್ಪನನ್ನೂ ಕರೆದುಕೊಂಡು ಹೋದೆ. ಪೆನ್ ಡ್ರೈವಿನಲ್ಲಿ ಜನವರಿಯಲ್ಲಿ ನಮ್ಮ ಹತ್ತಿರದ ಗದ್ದೆಯಲ್ಲಿ ನಡೆದ ಹರಕೆಯಾಟದ ಎಂಟು ನಿಮಿಷದ ತುಣುಕು ಇತ್ತು. ಗಿಳಿ ತೆಗೆದು ಇದನ್ನು ಹಾಕಿ ಎಂದಾಗ ಅಂಗಡಿಯ ಹುಡುಗನ ಮುಖ ಹುಳಿಯಾಯಿತು. ಅಪ್ಪ ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ತರಿಸಿಕೊಂಡರು. ನಾನು ನೆಲದ ಮೇಲೆ ಟೇಪು ಹಾಕಿ 11 ಅಡಿ ಅಳೆದು ಕುರ್ಚಿ ಇಟ್ಟೆ. ಫ್ರಿಜ್ ನೋಡಲು ಬಂದವರೂ ಹಿಂದೆ ನಿಂತು ಆಟ ನೋಡತೊಡಗಿದರು.

ಮೂರು ಟಿವಿಯಲ್ಲಿ ಅದೇ ತುಣುಕು. ಎಲ್ಲಕ್ಕಿಂತ ದುಬಾರಿಯದರಲ್ಲಿ ರಂಗಸ್ಥಳದ ಹಿಂದಿನ ಕತ್ತಲು ಗಂಜಿ ತಿಳಿಯ ಬಣ್ಣಕ್ಕಿತ್ತು, ಅಂಗೈ ಕವುಚಿ ನೋಡುವ ಅಗತ್ಯವೂ ಬೀಳಲಿಲ್ಲ. ಎರಡನೆಯದು 55 ಇಂಚು. ಚಿತ್ರ ಒಳ್ಳೆಯದೇ, ಆದರೆ ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಮೂರನೆಯದು 65, ವಿಎ ಪ್ಯಾನೆಲ್, ಅಷ್ಟೇನೂ ದೊಡ್ಡ ಹೆಸರಿನದ್ದಲ್ಲ, 64 ಸಾವಿರ. ‘ಸಿನೆಮಾ’ಕ್ಕೆ ಹಾಕಿ ಚಲನೆ ನಯ ಮಾಡುವುದನ್ನು ಬಂದ್ ಮಾಡಿದ ಮೇಲೆ ಅಪ್ಪ ಹಿಂದಕ್ಕೆ ಒರಗಿದರು. ಎರಡು ನಿಮಿಷ ಮಾತಿಲ್ಲ. ವೇಷ ಸುತ್ತಿತು, ಕಿರೀಟ ಕಿರೀಟವಾಗಿಯೇ ಉಳಿಯಿತು. ಆಮೇಲೆ ಅಪ್ಪ ಪರದೆಯ ಎಡಕ್ಕೆ ಬೆರಳು ತೋರಿಸಿ, ‘ಅಲ್ಲಿ ಶ್ರುತಿಪೆಟ್ಟಿಗೆಯವನು ತೂಕಡಿಸುತ್ತಿದ್ದಾನೆ’ ಎಂದರು. ತುಣುಕು ತೆಗೆದವನು ನಾನು, ಮೊಬೈಲಿನಲ್ಲಿ ಹತ್ತು ಸಲ ನೋಡಿದವನೂ ನಾನೇ. ಅಲ್ಲೊಬ್ಬ ಇದ್ದಾನೆಂದೇ ನನಗೆ ಗೊತ್ತಿರಲಿಲ್ಲ.

ಬದಿಯಿಂದ ಬಣ್ಣ ಬಿಳುಚುವುದು ನಿಜ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ‘ಬಸಳೆ ಬಿಡಿಸುವಾಗ ನಾನು ವಾರ್ತೆ ನೋಡುವುದು ಕಿವಿಯಿಂದ’ ಎಂದರು. ಅಲ್ಲಿಗೆ ಅದೂ ಮುಗಿಯಿತು. ಮುಂಗಡ ಕೊಟ್ಟಿದ್ದೇನೆ, ಗುರುವಾರ ಬರುತ್ತದೆ. ಬೆಸುಗೆಕಡ್ಡಿಯವರೇ, ಕೊನೆಯದೊಂದು ಪ್ರಶ್ನೆ: ಹಲಗೆಗೆ ಪ್ಲೈವುಡ್ಡೇ ಆಗಬೇಕೇ? ಹಿತ್ತಿಲ ಕೊಟ್ಟಿಗೆಯಲ್ಲಿ ಹಲಸಿನ ಮರದ ಹಳೆಯ ಹಲಗೆಯೊಂದು ಇದೆ.

ಬೆಸುಗೆಕಡ್ಡಿ:

ಹಲಸಿನ ಹಲಗೆ ಇಟ್ಟುಕೊಂಡು ಪ್ಲೈವುಡ್ ಕೇಳುತ್ತೀರಲ್ಲ! ಒಂದಿಂಚು ದಪ್ಪ ಇದ್ದರೆ ಸಾಕು. ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡಿ, ತೂತುಗಳನ್ನು ಮೊದಲೇ ಕೊರೆಸಿ. ಬುಧವಾರ ಸಂಜೆಯೇ ಹಾಕಿಸಿ ಒಂದು ರಾತ್ರಿ ಅದಕ್ಕೆ ಅಕ್ಕಿಯ ಗೋಣಿ ತೂಗಿಸಿಡಿ.